ಜಾಕಿ ಯಜಮಾನರು

ಹಿರಿಯೂರು ಸೀಮೆಯ ಯಾವುದೇ ಊರಿಗೆ ಬೋರ್‌ವೆಲ್ ಲಾರಿ ಬಂದರೆ ಮೊದಲು ನಾಯಿಗಳು ಬೊಗಳುತ್ತವೆ, ಆಮೇಲೆ ಹುಡುಗರು ಓಡುತ್ತಾರೆ, ಅವರ ಹಿಂದೆಯೇ ಪಂಚೆ ಎತ್ತಿ ಕಟ್ಟಿಕೊಂಡು ಜಾಕಿ ಯಜಮಾನರು ಹೊರಡುತ್ತಾರೆ. ನೀರು ಎಲ್ಲಿದೆ ಎಂದು ಹೇಳುವುದು ಇವರ ಇಲಾಖೆಯಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ ಪಾಯಿಂಟ್ ಗುರುತು ಮಾಡುವವರು ಬೇರೆ. ಲಾರಿಯ ಜಾಕಿಗಳ ಕೆಳಗೆ ಏನು ಕೊಡಬೇಕು ಎಂಬುದಷ್ಟೇ ಇವರಿಗೆ ಸೇರಿದ್ದು. ಹೆಸರು ಹೇಳುವುದಿಲ್ಲ. ಹೊಸದುರ್ಗದವರೂ ಹೊಳಲ್ಕೆರೆಯವರೂ ಇದು ತಮ್ಮೂರಿನವರ ಬಗ್ಗೆಯೇ ಬರೆದದ್ದು ಎಂದುಕೊಂಡರೆ ತಪ್ಪಿಲ್ಲ.

ನಗುವ ಮುಂಚೆ ಒಂದು ಲೆಕ್ಕ ಕೇಳಿ. ಬೋರ್ ಲಾರಿ ಗಾಲಿಗಳ ಮೇಲೆ ನಿಂತು ಕೊರೆಯುವುದಿಲ್ಲ. ಜಾಕಿಗಳನ್ನು ಇಳಿಸಿ, ಭಾರವನ್ನೆಲ್ಲ ಅವುಗಳ ಮೇಲೆ ಹೊರಿಸಿ, ಮಟ್ಟ ಮಾಡಿಕೊಂಡ ಮೇಲೆಯೇ ಕೆಲಸ. ಮಟ್ಟ ತಪ್ಪಿದರೆ ಗುಂಡಿ ಸೊಟ್ಟ. ಸೊಟ್ಟ ಗುಂಡಿಯಲ್ಲಿ ಕೇಸಿಂಗ್ ಇಳಿಯಲು ತಕರಾರು ಮಾಡುತ್ತದೆ, ಇಳಿದರೂ ಮುಂದೊಂದು ದಿನ ಮೋಟರು ಸಿಕ್ಕಿಕೊಳ್ಳುತ್ತದೆ. ಲಾರಿ 20 ಟನ್, ಜಾಕಿ ನಾಲ್ಕು ಎಂದಿಟ್ಟುಕೊಳ್ಳಿ. ಒಂದೊಂದರ ಪಾಲಿಗೆ 5 ಟನ್. ಜಾಕಿಯ ಪಾದ ಒಂದು ಚದರಡಿ ಇದ್ದರೆ ಆ 5 ಟನ್ನೂ ಅಷ್ಟೇ ನೆಲದ ಮೇಲೆ. ಕೆಳಗೆ ಎರಡಡಿಗೆ ಎರಡಡಿಯ ಗಟ್ಟಿ ಹಲಗೆ ಕೊಟ್ಟರೆ ಚದರಡಿಗೆ ಒಂದೂಕಾಲು ಟನ್ ಮಾತ್ರ. ಯಜಮಾನರಿಗೆ ಈ ಲೆಕ್ಕ ಬರುವುದಿಲ್ಲ, ಉತ್ತರ ಮಾತ್ರ ಗೊತ್ತು.

ಬಂದವರೇ ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ನೆಲ ಗುದ್ದುತ್ತಾರೆ. “ಮೇಲೆ ಒಣಗೈತೆ ಅಂತ ನಂಬಬೇಡ್ರಿ. ಎರೆ ಇದು!” ಮಾತು ಸುಳ್ಳಲ್ಲ. ಬೇಸಿಗೆಯಲ್ಲಿ ಗುದ್ದಲಿಗೂ ಬಗ್ಗದ ಎರೆನೆಲ, ಕೊರೆಯುವಾಗ ಉಕ್ಕಿದ ರಾಡಿ ಜಾಕಿಯ ಬುಡಕ್ಕೆ ಹರಿಯಿತೆಂದರೆ ಬೆಣ್ಣೆಯಾಗುತ್ತದೆ. ಒಂದು ಜಾಕಿ ನಾಲ್ಕು ಬೆರಳು ಕುಸಿದರೂ ಮೇಲಿನ ಕಂಬ ವಾಲುತ್ತದೆ.

ಲಾರಿ ಬಹುತೇಕ ತಮಿಳುನಾಡಿನ ತಿರುಚೆಂಗೋಡಿನದು. ಅಲ್ಲಿಯ ಹುಡುಗ ಲಾರಿಯ ಹೊಟ್ಟೆಯಡಿಯಿಂದ ಎರಡು ಮರದ ತುಂಡು ಎಳೆದು ತರುತ್ತಾನೆ. ಎಣ್ಣೆ ಕುಡಿದು ಕಪ್ಪಾಗಿ, ಮಧ್ಯದಲ್ಲಿ ಜಾಕಿಯ ಪಾದದ ಅಚ್ಚು ತಟ್ಟೆಯಷ್ಟಗಲ ಇಳಿದಿರುತ್ತದೆ. ಊರೂರು ಸುತ್ತಿ ಪಾಸಾದ ಮರ. ಯಜಮಾನರು ಅದನ್ನು ಕಾಲಿನಿಂದ ಹೊರಳಿಸಿ, “ಏನ್ಲಾ ಇದು, ನೀಲಗಿರಿನಾ?” ಎನ್ನುತ್ತಾರೆ.

“ಪರವಾಯಿಲ್ಲೆ ಅಣ್ಣಾ, ಪೋದುಂ.”

“ಏನು ಪೋದುಂ? ನೀಲಗಿರಿ ಸೀಳ್ತದೆ. ತೆಂಗು ಹೊರಗೆ ಗಟ್ಟಿ, ಒಳಗೆ ಬರೀ ನಾರು. ಜಾಲಿ ತರಿಸ್ತೀನಿ, ನಿಲ್ಲು.”

ಚಿತ್ರದುರ್ಗದಿಂದ ರಜೆಗೆ ಬಂದ ಕಾಲೇಜು ಹುಡುಗನೊಬ್ಬ ಚಪ್ಪಡಿ ಕಲ್ಲು ಹಾಕಿದರಾಗದೇ ಎಂದು ಕೇಳುತ್ತಾನೆ. ಏಳು ಸುತ್ತಿನ ಕೋಟೆಯೇ ಕಲ್ಲಿನ ಮೇಲೆ ನಿಂತಿದೆಯಲ್ಲ! “ಕೋಟೆ ಅಲ್ಲಾಡಲ್ಲ ಕಣಪ್ಪ, ಲಾರಿ ಅಲ್ಲಾಡ್ತದೆ.” ಇಂಜಿನಿಯರನೂ ಇದನ್ನೇ ಹೇಳುತ್ತಾನೆ, ಸ್ವಲ್ಪ ಉದ್ದವಾಗಿ: ಅಡಿಯ ಮಣ್ಣು ಒಂದು ಕಡೆ ಕುಸಿದರೆ ಮರ ಬಾಗಿ ತಾಳಿಕೊಳ್ಳುತ್ತದೆ, ಚಪ್ಪಡಿ ಫಟ್ಟೆಂದು ಮುರಿಯುತ್ತದೆ. ಕಲ್ಲಿನ ಮೇಲೆ ಕಬ್ಬಿಣದ ಪಾದ ಜಾರುವುದು ಬೇರೆ.

ಅಷ್ಟರಲ್ಲಿ ಯಜಮಾನರ ಮೊಮ್ಮಗ ಮನೆಯಿಂದ ತುಂಡುಗಳನ್ನು ಹೊತ್ತು ತರುತ್ತಾನೆ. ಎತ್ತು ಮಾರಿ ಎಷ್ಟೋ ವರ್ಷವಾಯಿತು, ಗಾಡಿಯೂ ಹೋಯಿತು. ಗಾಡಿಯ ಕರಿಜಾಲಿ ಮಾತ್ರ ಮಂಚದಡಿ ಉಳಿದಿದೆ. ಅದಕ್ಕೆ ಒಲೆಯ ಯೋಗ ಎಂದು ಬರುತ್ತದೋ ಎಂದು ಅಜ್ಜಿ ಕಾಯುತ್ತಿದ್ದಾರೆ. ಕೆಳಗೆ ಎರಡು ಉದ್ದಕ್ಕೆ, ಮೇಲೆ ಎರಡು ಅಡ್ಡಕ್ಕೆ. ಪಾದ ನಟ್ಟನಡುವೆ ಕೂರಬೇಕು, ಅಂಚಿಗೆ ಕೂತರೆ ಹಲಗೆ ಮಗುಚುತ್ತದೆ. ಡ್ರೈವರು ಬೇಸತ್ತು ಬೀಡಿ ಹಚ್ಚುತ್ತಾನೆ. ಹೊಲದೊಡೆಯನಿಗೆ ಅಡಿಗಿಷ್ಟು ಎಂಬ ರೇಟಿನದೇ ಚಿಂತೆ. ಯಜಮಾನರು ಗಾರೆಯವನಿಂದ ಕಡ ತಂದ ರಸಮಟ್ಟವನ್ನು ಲಾರಿಯ ಚಾಸಿ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ಗುಳ್ಳೆ ನಡುವಿಗೆ ಬರುವವರೆಗೂ ಯಾರ ಮಾತನ್ನೂ ಕೇಳುವುದಿಲ್ಲ.

ಜೋಗಿಮಟ್ಟಿ ಕಡೆ ಗಾಳಿಯಂತ್ರ ನಿಲ್ಲಿಸುವ ಕ್ರೇನಿಗೂ ಇದೇ ಶಾಸ್ತ್ರ. ಅಮೆರಿಕದಲ್ಲಿ ಮನೆಯನ್ನೇ ಗಾಡಿಯ ಮೇಲೆ ಕಟ್ಟಿಕೊಂಡು ಊರೂರು ತಿರುಗುವವರೂ ಜಾಕಿಯ ಕೆಳಗೆ ಮರವೋ ರಬ್ಬರೋ ಪ್ಲಾಸ್ಟಿಕ್ಕೋ ಎಂದು ತಲೆ ಕೆಡಿಸಿಕೊಳ್ಳುತ್ತಾರಂತೆ. ಅಲ್ಲಿ ಅವರೇ ದುಡ್ಡು ಕೊಟ್ಟು ಕೊಳ್ಳಬೇಕು. ನಮ್ಮಲ್ಲಿ ಸಾಮಾನೂ ಸಲಹೆಯೂ ಬಿಟ್ಟಿ.

2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ, “ಇನ್ನು ನಿಮಗೆ ಕೆಲಸ ಇಲ್ಲ ಬಿಡ್ರಿ” ಎಂದು ಊರಿನವರು ಅಣಕಿಸಿದರು. ಮಳೆಗೆ ನೆನೆದ ಎರೆಯಲ್ಲಿ ಸಿಕ್ಕ ಸಿಕ್ಕ ಲಾರಿಗಳೆಲ್ಲ ಹೂತುಕೊಳ್ಳತೊಡಗಿದ ಮೇಲೆ ಅಣಕಿಸಿದವರೇ ಇವರ ಮನೆ ಬಾಗಿಲಿಗೆ ಬಂದರು.

ನನಗೆ ಇವರ ಮೇಲೆ ಗೌರವವಿರುವುದು ಬೇರೆಯೇ ಕಾರಣಕ್ಕೆ. ರಾತ್ರಿಯಿಡೀ ಕೊರೆದು ಬರೀ ಬೂದಿಯಂಥ ಪುಡಿ ಹಾರಿದ ಬೆಳಗ್ಗೆ ತೆಂಗಿನಕಾಯಿಯವರ ಫೋನು ಸ್ವಿಚ್ ಆಫ್ ಆಗಿರುತ್ತದೆ, ಏಜೆಂಟು ಬಿಲ್ಲು ಬರೆಯುತ್ತಿರುತ್ತಾನೆ, ಸಾಲ ಮಾಡಿದ ರೈತ ಬದುವಿನ ಮೇಲೆ ಕುಕ್ಕರಿಸಿರುತ್ತಾನೆ. ಆಗ ಅವನ ಪಕ್ಕ ಹೋಗಿ ಕೂರುವವರು ಇವರೊಬ್ಬರೇ. ಸಮಾಧಾನವನ್ನೂ ಹೇಳುತ್ತಾರೆ: “ನೀರಿಲ್ದಿದ್ರೆ ಹೋಗ್ಲಿ ಬಿಡಪ್ಪ, ಗುಂಡಿ ಎಷ್ಟು ನೆಟ್ಟಗೈತೆ ನೋಡು.”

ನಿಮ್ಮ ಹೊಲದಲ್ಲಿ ಬೋರು ಕೊರೆಸುವುದಿದ್ದರೆ ಇವರಿಗೆ ಹೇಳಿಕಳಿಸಬೇಕಾಗಿಲ್ಲ, ಬಂದೇ ಬರುತ್ತಾರೆ. ಟೀ ಒಂದು ಲೋಟ ಜಾಸ್ತಿ ಮಾಡಿಸಿ. ಕೆಲಸ ಮುಗಿದ ಮೇಲೆ ಜಾಲಿ ತುಂಡುಗಳನ್ನು ತೊಳೆದು ವಾಪಸ್ ಕೊಡಿ.