ಮನಸಿನ ಮಂಡಿ

ಹೊಸ ಮಂಡಿ ಬಂದ ಮೇಲೆ ನನ್ನ ಹೆಸರು ಯಾರಿಗೂ ಬೇಕಾಗಲಿಲ್ಲ. ಫೋನ್ ಮಾಡಿದವರೆಲ್ಲ "ಮಂಡಿ ಹೇಗಿದೆ?" ಎಂದೇ ಶುರು ಮಾಡುತ್ತಿದ್ದರು. ಮಂಡಿಗೇನು, ರಾಜಯೋಗ! ತೊಡೆಮೂಳೆಯ ತುದಿಗೆ ಕೋಬಾಲ್ಟ್-ಕ್ರೋಮಿಯಂ ಟೋಪಿ, ಕೆಳಗೆ ಟೈಟಾನಿಯಂ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್. ಇಷ್ಟು ಲೋಹ ನನ್ನ ಮೈಮೇಲೆ ಮದುವೆಯ ದಿನವೂ ಇರಲಿಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿದ್ದನ್ನು ನಮ್ಮ ಯಜಮಾನರು ಬಂದವರಿಗೆಲ್ಲ, ತಾವೇ ದೆಹಲಿಗೆ ಹೋಗಿ ಚೌಕಾಸಿ ಮಾಡಿ ಬಂದವರ ಹಾಗೆ ಹೇಳುತ್ತಿದ್ದರು.

ಕೆಟ್ಟಿದ್ದು ಮನಸ್ಸು. ಆಸ್ಪತ್ರೆಯಲ್ಲಿ ಮರುದಿನವೇ ವಾಕರ್ ಹಿಡಿದು ನಿಂತಾಗ ಎಲ್ಲರೂ ಭೇಷ್ ಅಂದಿದ್ದರು. ಮನೆಗೆ ಬಂದ ಮೇಲೆ ನಿದ್ದೆ ಹಾರಿಹೋಯಿತು. ಮಗ್ಗುಲು ಬದಲಿಸಿದರೆ ಮಂಡಿ ಏಳುತ್ತಿತ್ತು, ಬದಲಿಸದಿದ್ದರೆ ಸೊಂಟ. ನಡುರಾತ್ರಿ ಫ್ಯಾನು ನೋಡುತ್ತ, 'ಹಳೇ ಮಂಡಿಯೇ ವಾಸಿಯಿತ್ತು, ಪಾಪ, ಅದನ್ನು ಎಲ್ಲಿ ಎಸೆದರೋ' ಎಂದು ಅಳು. ಬೆಳಿಗ್ಗೆ ಕಾಫಿಗೆ ಸಕ್ಕರೆ ಕಡಿಮೆಯೆಂದು ಅಳು. ಸೊಸೆ ಮಾತಾಡದೆ ಸಕ್ಕರೆ ತಂದು ಹಾಕಿದರೆ, ಎಂಥ ಒಳ್ಳೆಯ ಹುಡುಗಿ ಎಂದು ಇನ್ನಷ್ಟು ಅಳು. ಸೊಸೆ ಅಳುವ ಮನೆಗಳನ್ನು ಕಂಡಿದ್ದ ನಮ್ಮ ಬೀದಿಗೆ ಅತ್ತೆ ಅಳುವ ಮನೆ ಹೊಸದು.

ಮೂಸಂಬಿ ಹಿಡಿದು ಬರುವವರು ಧೈರ್ಯ ತುಂಬುತ್ತಿದ್ದರು. "ನಮ್ಮತ್ತಿಗೆ ಮೂರೇ ವಾರಕ್ಕೆ ಚಾಮುಂಡಿ ಬೆಟ್ಟ ಹತ್ತಿದರು ಕಣ್ರೀ!" "ವಾಜಪೇಯಿಯವರು ಪ್ರಧಾನಿಯಾಗಿದ್ದಾಗಲೇ 2000ದಲ್ಲಿ ಎಡಮಂಡಿ, 2001ರಲ್ಲಿ ಬಲಮಂಡಿ ಮಾಡಿಸಿಕೊಂಡು ದೇಶ ನಡೆಸಲಿಲ್ವಾ?" ನಡೆಸಿದರು, ಸರಿ. ನನಗೆ ಬಚ್ಚಲಮನೆ ತನಕ ನಡೆದರೆ ಸಾಕಿತ್ತು. ಅವರೆಲ್ಲ ಎದ್ದು ಹೋದ ಮೇಲೆ ನನ್ನ ಮಂಡಿಯ ಜೊತೆಗೆ ಆ ಅತ್ತಿಗೆಯೂ ಇಡೀ ರಾತ್ರಿ ನೋಯುತ್ತಿದ್ದರು.

ಫಿಸಿಯೋಥೆರಪಿ ಹುಡುಗ ಮೊದಮೊದಲು ಯಮದೂತನಾಗಿಯೇ ಕಂಡ. ಕಾಲು ಮಡಿಸಿ, ಅಳತೆ ಹಿಡಿದು, "ಎಂಬತ್ತೈದು ಡಿಗ್ರಿ ಅಮ್ಮಾ, ತೊಂಬತ್ತು ಬರಬೇಕು" ಎನ್ನುವನು. ಎಸ್‌ಎಸ್‌ಎಲ್‌ಸಿಯಲ್ಲೂ ನನ್ನನ್ನು ಯಾರೂ ತೊಂಬತ್ತಕ್ಕೆ ಹೀಗೆ ಪೀಡಿಸಿರಲಿಲ್ಲ. ಆದರೆ "ನಿದ್ದೆ ಬರ್ತಿದ್ಯಾ ಅಮ್ಮಾ?" ಎಂದು ಮೊದಲು ಕೇಳಿದವನೂ ಅವನೇ. ನೋವಿಗೆ ಹೆದರಿದರೆ ಕಾಲು ಮಡಚಲ್ಲ, ಮಡಚದಿದ್ದರೆ ಬಿಗಿಯುತ್ತೆ, ಬಿಗಿದರೆ ಇನ್ನೂ ನೋವು, ಜೊತೆಗೆ ನಿದ್ದೆಗೆಟ್ಟರೆ ಮನಸ್ಸು ಕುಸಿಯುತ್ತೆ, ಮೊದಲ ವಾರಗಳಲ್ಲಿ ಬಹಳ ಜನಕ್ಕೆ ಹೀಗಾಗುತ್ತೆ ಎಂದ. ನಾನೊಬ್ಬಳೇ ಅಳುಬುರುಕಿ ಅಲ್ಲವೆಂದು ತಿಳಿದದ್ದೇ ಅರ್ಧ ಔಷಧಿ. ಉಳಿದರ್ಧ ಡಾಕ್ಟರು ಕೊಟ್ಟರು: ವ್ಯಾಯಾಮಕ್ಕೆ ಮುಂಚೆ ಒಂದು ನೋವಿನ ಮಾತ್ರೆ, ಮಲಗುವ ಮುಂಚೆ ಇನ್ನೊಂದು.

ಆದರೂ ಒಂದು ರಾತ್ರಿ ತಡೆಯಲಾಗದೆ 14416ಕ್ಕೆ ಫೋನ್ ಮಾಡಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆಲ್ಲ ಹಿರಿಯಣ್ಣ. ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕಾಸಿಲ್ಲ, ಕನ್ನಡದಲ್ಲೇ ಮಾತು. ಆ ಕಡೆಯ ಹುಡುಗಿ ಮಂಡಿಯ ಸುದ್ದಿಗೇ ಬರಲಿಲ್ಲ, "ನಿಮ್ಮ ಹೆಸರೇನಮ್ಮಾ?" ಎಂದಳು. ಹೇಳುವಷ್ಟರಲ್ಲಿ ಮತ್ತೆ ಅಳು, ಆದರೆ ಇದು ಹಗುರಾಗುವ ಅಳು.

ಈಗ ಮೆಟ್ಟಿಲು ಹತ್ತುತ್ತೇನೆ. ಬೆಂಗಳೂರಿನ ಮೆಟ್ರೋ ತಪಾಸಣೆಯಲ್ಲಿ ನನ್ನ ಮಂಡಿ ಕುಂಯ್‌ಗುಟ್ಟಿದರೆ ಸ್ವಲ್ಪ ಜಂಬವೂ ಆಗುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು ಬೇಡವೆಂದಿದ್ದಾರೆ, ಹಾಗಾಗಿ ಮದುವೆಮನೆಯಲ್ಲಿ ಟೇಬಲ್ ಪಂಕ್ತಿ.

ನಿಮ್ಮ ಪೈಕಿ ಯಾರಾದರೂ ಮಂಡಿ ಬದಲಿಸಿಕೊಂಡಿದ್ದರೆ ಹೋಗಿ ನೋಡಿಕೊಂಡು ಬನ್ನಿ. ನಿದ್ದೆ ಬರುತ್ತದೆಯೇ ಎಂದು ಕೇಳಿ. ಬೆಟ್ಟ ಹತ್ತಿದ ಅತ್ತಿಗೆಯನ್ನು ಮಾತ್ರ ಜೊತೆಗೆ ಕರೆದೊಯ್ಯಬೇಡಿ.