ಅರ್ಜಿ ಅಧ್ಯಕ್ಷರು

ಹೋಬಳಿಗೊಬ್ಬರಾದರೂ ಇವರು ಇದ್ದೇ ಇರುತ್ತಾರೆ. ಬಿಳಿ ಷರ್ಟು, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ದಾರ ಕಟ್ಟಿದ ಫೈಲು. ಸಂಘದ ಹೆಸರು ಊರಿಂದೂರಿಗೆ ಬೇರೆಯಾಗಬಹುದು, ಅಧ್ಯಕ್ಷರು ಮಾತ್ರ ಒಂದೇ ಅಚ್ಚಿನವರು. ನಮ್ಮ ಕಡೆ ಅವರಿಗೆ ಅರ್ಜಿ ಅಧ್ಯಕ್ಷರು ಎಂದೇ ಹೆಸರು. ಎದುರಿಗೆ ‘ಅಧ್ಯಕ್ಷರೇ’ ಅನ್ನುತ್ತೇವೆ, ಹಿಂದಿನಿಂದ ಪೂರ್ತಿ ಹೆಸರು ಹೇಳುತ್ತೇವೆ.

ಸಂಘ ನೋಂದಾಯಿಸಲು ಕನಿಷ್ಠ ಏಳು ಜನ ಬೇಕು ಎನ್ನುತ್ತದೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಅಧ್ಯಕ್ಷರ ಸಂಘದಲ್ಲೂ ಸರಿಯಾಗಿ ಏಳೇ ಜನ: ಅವರು, ಅವರ ಭಾಮೈದ, ಝೆರಾಕ್ಸ್ ಅಂಗಡಿಯವನು, ತೋರಿಸಿದ ಕಡೆ ಸಹಿ ಹಾಕುವ ರಿಟೈರ್ಡ್ ಮೇಷ್ಟರು, ಬೆಂಗಳೂರು ಸೇರಿ ಹಬ್ಬಕ್ಕೆ ಮಾತ್ರ ಬರುವ ಇಬ್ಬರು, ಮತ್ತು ಈ ಸಂಘಕ್ಕೆ ತಾನೇ ಖಜಾಂಚಿ ಎಂಬುದು ಇಂದಿಗೂ ಗೊತ್ತಿಲ್ಲದ ಹಾಲಿನ ಡೈರಿ ಕಾರ್ಯದರ್ಶಿ.

ಅನುದಾನದ ಲೆಕ್ಕ ಅವರಿಗೆ ಬಾಯಿಪಾಠ. ಟೀ ಅಂಗಡಿ ಬೆಂಚಿನ ಮೇಲೆ ಸಿಕ್ಕಿದವರಿಗೆಲ್ಲ ಪಾಠ ನಡೆಯುತ್ತದೆ. “ನೋಡಿ ಸಾರ್, ಎಮ್ಮೆಲ್ಲೆಗೆ ವರ್ಷಕ್ಕೆ 2 ಕೋಟಿ. ಎಂಪಿಗೆ 5 ಕೋಟಿ. ಜಾಸ್ತಿ ಅಂತ ಕುಣೀಬೇಡಿ, ಒಬ್ಬ ಎಂಪಿ ಕೆಳಗೆ ಎಂಟು ಎಮ್ಮೆಲ್ಲೆ ಕ್ಷೇತ್ರ. ಭಾಗಾಕಾರ ಮಾಡಿದ್ರೆ ಅರವತ್ತೆರಡೂವರೆ ಲಕ್ಷ. ಬುದ್ಧಿವಂತ ಆದೋನು ರಾಜ್ಯಸಭೆಗೆ ಹೋಗ್ತಾನೆ. ಅವ್ರು ರಾಜ್ಯದ ಯಾವ ಊರಿಗಾದ್ರೂ ಬರೀಬಹುದು. ನಾಮನಿರ್ದೇಶನ ಆದೋರಿದ್ದಾರಲ್ಲ, ಅವ್ರು ದೇಶದ ಯಾವ ಮೂಲೆಗಾದ್ರೂ ಕೊಡಬಹುದು. ಅವ್ರಿಗೆ ಕ್ಷೇತ್ರವೇ ಇಲ್ಲ, ಪಾಪ. ನಾವೇ ಕ್ಷೇತ್ರ ಆಗೋಣ ಅಂತ!” ಹೀಗೆ ನಮ್ಮೂರ ಮಾರಮ್ಮನ ಗುಡಿಯ ವಿಚಾರ ದಿಲ್ಲಿಯ ಕಲಾವಿದರಿಗೂ ಕ್ರೀಡಾಪಟುಗಳಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ತಲುಪಿದೆ.

ಸಂಸದರ ನಿಧಿ 1993ರಲ್ಲಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 5 ಲಕ್ಷವಿತ್ತು, 2011ರ ಹೊತ್ತಿಗೆ 5 ಕೋಟಿಯಾಯಿತು. “ನಿಧಿ ನೂರು ಪಟ್ಟು ಆಯ್ತು, ನಮ್ಮ ಅರ್ಜಿ ಮಾತ್ರ ಅದೇ” ಎಂದು ಅಧ್ಯಕ್ಷರು ನಿಟ್ಟುಸಿರಿಡುತ್ತಾರೆ. ಅರ್ಜಿ ಅದೇ ಅಲ್ಲ, ನಿಜ ಹೇಳಬೇಕೆಂದರೆ. ಮೊದಲು ಅದು ಗುಡಿಯ ಜೀರ್ಣೋದ್ಧಾರಕ್ಕೆ ಇತ್ತು. ಪೂಜಾಸ್ಥಳಕ್ಕೆ ಸಂಸದರ ನಿಧಿ ಕೊಡಲು ಬರುವುದಿಲ್ಲ ಎಂದು ಕಚೇರಿಯಲ್ಲಿ ಹೇಳಿದಾಗ ಅಧ್ಯಕ್ಷರು ಸಿಟ್ಟಾದರು: “ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಕೆತ್ತಿದ್ದೀರಿ, ದೇವರಿಗೇ ದುಡ್ಡಿಲ್ಲ ಅಂತೀರಲ್ರೀ?” ಸಿಟ್ಟು ಇಳಿದ ಮೇಲೆ ಗುಡಿಯ ಮುಂದಿನ ಜಾಗ ಅಳೆದರು. ಮರುವಾರ ಅದೇ ಅರ್ಜಿ ‘ಸಮುದಾಯ ಭವನ’ವಾಗಿ ಹುಟ್ಟಿತು.

ಅವರ ಅರ್ಜಿಯಲ್ಲಿ ‘ವಿಷಯ’ ಒಂದು ಸಾಲು, ‘ಉಲ್ಲೇಖ’ ಒಂದೂವರೆ ಪುಟ. ಉಲ್ಲೇಖ ಒಂದು, ನಮ್ಮ ಹಿಂದಿನ ಅರ್ಜಿ. ಎರಡು, ಅದರ ನೆನಪೋಲೆ. ಮೂರು, ನೆನಪೋಲೆಯ ನೆನಪೋಲೆ. ಮೇಲೆ ಬೀಳುವ ಷರಾ ಓದುವುದರಲ್ಲಂತೂ ಅವರು ಪಂಡಿತರು. “‘ಪರಿಶೀಲಿಸಿ’ ಅಂತಿದ್ರೆ ಆಗಲ್ಲ. ‘ನಿಯಮಾನುಸಾರ ಪರಿಶೀಲಿಸಿ’ ಅಂತಿದ್ರೆ ಖಂಡಿತ ಆಗಲ್ಲ. ‘ಕ್ರಮ ಕೈಗೊಂಡು ವರದಿ ಮಾಡಿ’ ಅಂದ್ರೆ ಸ್ವಲ್ಪ ಆಸೆ ಇಟ್ಕೋಬಹುದು. ಏನೂ ಬರೀದೆ ಫೋನ್ ಎತ್ತಿದ್ರೆ, ಆಯ್ತು ಅಂತ ತಿಳ್ಕೊಳಿ.”

ಆಮೇಲೆ ಪ್ರದಕ್ಷಿಣೆ. ಡೀಸಿ ಆಫೀಸಿನವರು ಅಂದಾಜು ಪಟ್ಟಿ ತನ್ನಿ ಅನ್ನುತ್ತಾರೆ. ಎಂಜಿನಿಯರು ಡೀಸಿ ಆಫೀಸಿನ ಪತ್ರ ಬರಲಿ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಹೊಸ ವರ್ಷದ ಕಂತು ಬಂದಿರುವುದಿಲ್ಲ. ಮಳೆಗಾಲದಲ್ಲಿ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಡಿಸೆಂಬರಿನಲ್ಲಿ ಎಲ್ಲರೂ ಬೆಳಗಾವಿ ಅಧಿವೇಶನಕ್ಕೆ ಹೋಗಿರುತ್ತಾರೆ. ಅಲ್ಲಿಂದ ಬರುವಷ್ಟರಲ್ಲಿ ಯಾವುದೋ ಚುನಾವಣೆಯ ನೀತಿಸಂಹಿತೆ ಜಾರಿಯಾಗಿರುತ್ತದೆ. ಬೇರೆಯವರಾದರೆ ಇಷ್ಟರಲ್ಲಿ ಕೈಚೆಲ್ಲಿ ಮನೆ ಸೇರುತ್ತಾರೆ. ಅಧ್ಯಕ್ಷರು ಮಾರ್ಚಿಗೆ ಕಾಯುತ್ತಾರೆ.

ಮಾರ್ಚ್ ಕೊನೆಯ ವಾರ ಸಂಜೆ ಫೋನ್ ಬರುತ್ತದೆ: “ಯಜಮಾನ್ರೇ, ಒಂದು ಕಾಮಗಾರಿ ಕ್ಯಾನ್ಸಲ್ ಆಗಿದೆ. ನಾಳೆ ಹತ್ತು ಗಂಟೆಗೆ ದಾಖಲೆಯೆಲ್ಲ ಕೊಟ್ರೆ ನಿಮ್ದು ಸೇರಿಸ್ಬಹುದು.” ಪಹಣಿ, ಪಂಚಾಯಿತಿ ಠರಾವು, ನೋಂದಣಿ ಪತ್ರ, ಮೂರು ವರ್ಷದ ಆಡಿಟ್ ವರದಿ, ಜಾಗದ ಫೋಟೊ, ಎಲ್ಲವೂ ಐದು ಸೆಟ್ ಫೈಲಿನಲ್ಲೇ ಇವೆ. ಕೇಳಿದ ಊರು ನೂರು, ಕಾಗದ ಸಿದ್ಧವಿಟ್ಟ ಊರು ಒಂದು. ಅಧ್ಯಕ್ಷರ ಗುಟ್ಟೆಲ್ಲ ಇಷ್ಟೇ.

ಭವನ ಎದ್ದಿತು. ಗೋಡೆ, ತಾರಸಿ, ದೊಡ್ಡದೊಂದು ನಾಮಫಲಕ, ಅಷ್ಟಕ್ಕೆ ಹಣ ಮುಗಿಯಿತು. ಶಿಷ್ಟಾಚಾರದ ಪ್ರಕಾರ ಫಲಕದಲ್ಲಿ ಎಲ್ಲರ ಹೆಸರೂ ಇದೆ, ಅಧ್ಯಕ್ಷರದೊಂದು ಬಿಟ್ಟು. ಅದರ ಬೇಸರ ಅವರಿಗಿಲ್ಲ. ಕಿಟಕಿಗೆ ಬಾಗಿಲಿಲ್ಲ, ಶೌಚಾಲಯವಿಲ್ಲ, ಒಳಗೆ ಯಾರದೋ ಮೆಕ್ಕೆಜೋಳ ಒಣಗುತ್ತಿದೆ ಎಂದು ನಾವು ದೂರಿದರೆ ಅವರ ಮುಖ ಅರಳುತ್ತದೆ. “ಅದಕ್ಕೇ ‘ಉಳಿಕೆ ಕಾಮಗಾರಿ’ ಅಂತ ಹೊಸ ಅರ್ಜಿ ಹಾಕಿದ್ದೀನಿ!” ಮನೆಗೆ ಐನೂರರಂತೆ ಚಂದಾ ಎತ್ತಿ ಶೌಚಾಲಯ ಕಟ್ಟಿಸೋಣ ಎಂದು ಯಾರೋ ಹುಡುಗ ಸಲಹೆ ಕೊಟ್ಟಾಗ ಅಧ್ಯಕ್ಷರು ಬೆಚ್ಚಿಬಿದ್ದರು. “ನಾವೇ ಕಟ್ಕೊಂಡ್ರೆ ಆಮೇಲೆ ಸರ್ಕಾರದ ಹತ್ರ ಏನಪ್ಪಾ ಕೇಳೋದು?”

ನಗುವುದೇನೋ ಸುಲಭ. ಆದರೆ ಪಕ್ಕದೂರಿನಲ್ಲಿ ಇಂಥವರೊಬ್ಬರಿಲ್ಲ. ಅಲ್ಲಿ ಭವನವೂ ಇಲ್ಲ, ಬಸ್ ತಂಗುದಾಣವೂ ಇಲ್ಲ, ಮಳೆ ಬಂದರೆ ಮದುವೆಯೂ ಇಲ್ಲ. ಜನರ ತೆರಿಗೆಯ ಹಣ ಜನರ ಊರಿಗೆ ಬರಬೇಕಾದರೂ ಯಾರೋ ಒಬ್ಬರು ಚಪ್ಪಲಿ ಸವೆಸಬೇಕು ಎಂಬುದು ನಮ್ಮ ವ್ಯವಸ್ಥೆಯ ತಪ್ಪೇ ಹೊರತು ಅಧ್ಯಕ್ಷರದಲ್ಲ. ನಿಮ್ಮೂರಿನವರು ಸಹಿ ಕೇಳಿಕೊಂಡು ಬಂದರೆ ಒಳಗೆ ಕರೆದು ಕಾಫಿ ಕೊಡಿ, ಸಹಿಯನ್ನೂ ಹಾಕಿ. ಅಂದಾಜು ಪಟ್ಟಿಯ ನಕಲೊಂದನ್ನು ಮಾತ್ರ ಕೇಳಿ ಇಸಿದುಕೊಳ್ಳಿ. ಅದರಲ್ಲಿ ಶೌಚಾಲಯ ಇದೆಯೋ ಇಲ್ಲವೋ ಎಂದು ಗುದ್ದಲಿ ಪೂಜೆಗೆ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.