ದುರ್ವಾಹನ ಮೀಮಾಂಸೆ

1. ಅಧಿಕಾರಿ ನಿರೂಪಣ

ಆಸ್ತಿಯಲ್ಲಿ ಸ್ಥಿರ, ಚರವೆಂದು ಎರಡು ಬಗೆಯುಂಟೆಂದೂ, ಹೊಲ ಮನೆ ತೋಟಗಳು ಮೊದಲನೆಯ ವರ್ಗಕ್ಕೂ, ದನಕರು ಪಾತ್ರೆಪಡಗ ಬಂಡಿವಾಹನಗಳು ಎರಡನೆಯ ವರ್ಗಕ್ಕೂ ಸೇರತಕ್ಕವೆಂದೂ ವ್ಯವಹಾರಜ್ಞರು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಈ ವಿಭಾಗವನ್ನು ಮಾಡಿದ ಮಹನೀಯರು ಮೋಟಾರು ಕಾರನ್ನು ಕೊಂಡವರಲ್ಲವೆಂಬುದು, ಕೊಂಡಿದ್ದರೂ ಅದನ್ನು ಆಷಾಢದ ಒಂದು ಪ್ರಾತಃಕಾಲ ಹೊರಡಿಸಲು ಯತ್ನಿಸಿದವರಲ್ಲವೆಂಬುದು, ವಿಭಾಗದಿಂದಲೇ ವ್ಯಕ್ತವಾಗುತ್ತದೆ. ಏಕೆಂದರೆ, ಮನೆಯ ಮುಂದೆ ನಿಂತಲ್ಲಿಯೇ ನಿಂತು, ತನ್ನ ನಾಲ್ಕು ಚಕ್ರಗಳ ಸುತ್ತ ಗರಿಕೆ ಬೆಳೆಯಗೊಟ್ಟು, ಬೀದಿಯ ಬೆಕ್ಕಿಗೆ ಪ್ರಸೂತಿಗೃಹವಾಗಿ, ಯಜಮಾನನ ಸಂಬಳವೊಂದನ್ನು ಮಾತ್ರ ಅಪ್ರತಿಹತ ವೇಗದಿಂದ ಚಲಿಸುವಂತೆ ಮಾಡುವ ಪದಾರ್ಥವೊಂದುಂಟು. ಅದನ್ನು ಚರವೆನ್ನೋಣವೆಂದರೆ ಚಲಿಸದು. ಸ್ಥಿರವೆನ್ನೋಣವೆಂದರೆ ಸ್ಥಿರಾಸ್ತಿಗೆ ಕಾಲಕ್ರಮದಲ್ಲಿ ಬೆಲೆ ಏರುವುದು ಲೋಕಪ್ರಸಿದ್ಧ. ಉಭಯಭ್ರಷ್ಟವಾದ ಈ ಪದಾರ್ಥವನ್ನು ದುರ್ವಾಹನವೆಂದು ವ್ಯವಹರಿಸಿ, ಅದರ ರೋಗ, ಚಿಕಿತ್ಸೆ, ಸ್ವರೂಪ, ಮತ್ತು ಅದನ್ನು ಮಾರಿದವರ ಶೀಲ, ಇವಿಷ್ಟನ್ನು ಈ ಪ್ರಬಂಧದಲ್ಲಿ ಯಥಾಮತಿ ನಿರೂಪಿಸಲಾಗುವುದು.

ಶಾಸ್ತ್ರಾಧಿಕಾರಿಗೆ ವಿವೇಕ, ವೈರಾಗ್ಯ, ಶಮಾದಿಷಟ್ಕ, ಮುಮುಕ್ಷುತ್ವ ಎಂಬ ನಾಲ್ಕು ಸಾಧನಗಳು ಮೊದಲೇ ಸಿದ್ಧವಿರಬೇಕೆಂಬುದು ವೇದಾಂತಿಗಳ ನಿಯಮ. ದುರ್ವಾಹನದ ವಿಷಯದಲ್ಲಿ ಈ ಕ್ರಮವು ತುಸು ವ್ಯತ್ಯಸ್ತವಾಗಿದೆ. ವಿವೇಕವುಳ್ಳವನು ಅದನ್ನು ಕೊಳ್ಳನಾದಕಾರಣ ಮೊದಲನೆಯ ಸಾಧನವು ಅಧಿಕಾರಿಯಲ್ಲಿ ಇರತಕ್ಕದ್ದೇ ಅಲ್ಲ. ಉಳಿದವನ್ನು ಅವನು ಪ್ರಯತ್ನಪಟ್ಟು ಸಂಪಾದಿಸಬೇಕಾದ್ದಿಲ್ಲ: ವೈರಾಗ್ಯವು ಮೊದಲನೆಯ ಬಿಲ್ಲಿನೊಡನೆಯೂ, ಶಮದಮಾದಿಗಳು ಸರ್ವಿಸ್ ಸ್ಟೇಷನ್ನಿನ ಬೆಂಚಿನ ಮೇಲೂ, ಮುಮುಕ್ಷುತ್ವವು, ಎಂದರೆ ಯಾರಾದರೂ ಬಂದಷ್ಟಕ್ಕೆ ಕೊಂಡುಹೋದರೆ ಸಾಕೆಂಬ ತೀವ್ರಾಭಿಲಾಷೆಯು, ಎರಡನೆಯ ಆಯುಧಪೂಜೆಯ ದಿನ ಚಕ್ರಗಳಡಿಯಿಟ್ಟ ನಿಂಬೆಹಣ್ಣುಗಳನ್ನು ಜಜ್ಜಲಿಕ್ಕೂ ವಾಹನವನ್ನು ನಾಲ್ಕಾಳು ತಳ್ಳಬೇಕಾಗಿ ಬಂದಾಗಲೂ, ತಮ್ಮಷ್ಟಕ್ಕೆ ತಾವೇ ಉದಯಿಸುತ್ತವೆ.

2. ರೋಗ ನಿದಾನ

ದೇಹದಂತೆಯೇ ವಾಹನದಲ್ಲಿಯೂ ದೋಷಗಳು ವಾತ, ಪಿತ್ತ, ಕಫಗಳೆಂದು ಮೂರು. ಪೆಟ್ರೋಲು ತನ್ನ ನಾಳದಲ್ಲಿಯೇ ಕಾದು ಆವಿಯಾಗಿ, ಪಂಪು ಎಷ್ಟು ಬಡಿದುಕೊಂಡರೂ ಕಾರ್ಬ್ಯುರೇಟರಿಗೆ ಹನಿಯೂ ಸೇರದಿರುವುದು ವಾತಪ್ರಕೋಪ. ಚೈತ್ರದ ನಡುಹಗಲಿನಲ್ಲಿ, ಹಿರಿಯೂರು ಇನ್ನೂ ಮುಂದಿರುವಾಗ, ನೆರಳಿಗೊಂದು ಜಾಲಿಮರವೂ ಇಲ್ಲದ ಸ್ಥಳವನ್ನು ಆರಿಸಿಕೊಂಡು ಇದು ಪ್ರಕಟವಾಗುತ್ತದೆ. ಒದ್ದೆಬಟ್ಟೆಯನ್ನು ಪಂಪಿಗೆ ಸುತ್ತಿ, ಕುಟುಂಬದವರ ದೃಷ್ಟಿಯನ್ನು ಎದುರಿಸದೆ ದಿಗಂತವನ್ನು ನೋಡುತ್ತ ನಿಲ್ಲುವುದೇ ಇದಕ್ಕೆ ಚಿಕಿತ್ಸೆ. ಗೇರಿನ ಹಿಡಿಯನ್ನು ಸ್ಟೀರಿಂಗಿನ ಕೊರಳಿಗೇ ಕಟ್ಟಿದ್ದ ಅಂದಿನ ಕಾರುಗಳಲ್ಲಿ, ಕೆಳಗಿನ ಕೀಲುಗಳು ಒಂದಕ್ಕೊಂದು ಸಿಕ್ಕಿಕೊಂಡು, ಗೇರು ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ, ಯಜಮಾನನು ಸಿಗ್ನಲ್ಲಿನ ನಡುವೆ ಇಳಿದು ಬಾನೆಟ್ಟು ತೆಗೆದು ಕೈಯಿಂದ ಬಿಡಿಸಬೇಕಾಗುತ್ತಿದ್ದ ವ್ಯಾಧಿಯನ್ನು ಸಂಧಿವಾತವೆಂದು ತಿಳಿಯತಕ್ಕದ್ದು.

ರೇಡಿಯೇಟರು ಕುದಿಯುವುದು ಪಿತ್ತ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯತೊಡಗುವುದರಿಂದ, ಮುಚ್ಚಳದ ರಬ್ಬರು ಸವೆದು ಒಳಗೆ ಒತ್ತಡ ನಿಲ್ಲದ ವಾಹನಕ್ಕೆ ರಾಜಧಾನಿಯ ಔನ್ನತ್ಯವೇ ಅಪಥ್ಯ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಹತ್ತುವಾಗ ಈ ಪಿತ್ತವು ಕೆರಳಿ, ಪ್ರವಾಸಿಗಳಿಗೆ ಸೂರ್ಯಾಸ್ತವನ್ನು ಅರ್ಧದಾರಿಯಿಂದಲೇ ತೋರಿಸಿಬಿಡುವುದುಂಟು. ಇನ್ನು ಮಳೆಯ ತೇವವು ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಸೇರಿ ಕಿಡಿಯನ್ನು ಆರಿಸುವುದು ಕಫ. ಅದನ್ನು ಒಣಬಟ್ಟೆಯಿಂದ ಒರಸಿ, ಪಾಯಿಂಟುಗಳನ್ನು ಬೆಂಕಿಪೊಟ್ಟಣದ ಮದ್ದಿನ ಮಗ್ಗುಲಿನಿಂದ ಉಜ್ಜುವುದು ಪರಂಪರಾಗತ ಕ್ರಮ. ಮೂರು ದೋಷಗಳೂ ಏಕಕಾಲದಲ್ಲಿ ಕೂಡಿ, ಹಿಂದಿನಿಂದ ನೀಲಿಹೊಗೆ ಹೊರಟು, ಪೆಟ್ರೋಲಿಗೆ ಸರಿಸಮನಾಗಿ ಆಯಿಲೂ ಖರ್ಚಾಗತೊಡಗಿದರೆ ಅದು ಸನ್ನಿಪಾತ. ಆಗ ಮೇಸ್ತ್ರಿಯು ಕೈಯನ್ನು ಹತ್ತಿಯ ಚಿಂದಿಯಿಂದ ಒರಸಿಕೊಳ್ಳುತ್ತ, "ಇಂಜಿನ್ ಬೋರಿಗೆ ಬಂದೈತೆ ಸಾರ್" ಎಂದು ನುಡಿಯುವ ವಾಕ್ಯಕ್ಕೆ ಪ್ರತ್ಯುತ್ತರವಿಲ್ಲ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ರೋಗವೊಂದುಂಟು. ಕಂಡೆನ್ಸರು ಕಾದಾಗ ಕೆಟ್ಟು, ತಣಿದಾಗ ಸರಿಹೋಗುವ ಜಾತಿಯದಾಗಿದ್ದರೆ, ವಾಹನವು ನಡುರಸ್ತೆಯಲ್ಲಿ ಪ್ರಾಣಬಿಟ್ಟು, ಎಳೆಸಿಕೊಂಡು ಸರ್ವಿಸ್ ಸ್ಟೇಷನ್ ಸೇರುವಷ್ಟರಲ್ಲಿ ತಣಿದು, ಪರೀಕ್ಷಕನ ಮುಂದೆ ಒಂದೇ ಸೆಲ್ಫಿಗೆ ಹೊರಟು, ಯಜಮಾನನನ್ನು ಅಸತ್ಯವಾದಿಯನ್ನಾಗಿ ಮಾಡುತ್ತದೆ. ಆಗ ಜಾಬ್ ಕಾರ್ಡಿನಲ್ಲಿ "ಪರೀಕ್ಷಿಸಲಾಗಿ ದೋಷ ಕಂಡುಬರಲಿಲ್ಲ" ಎಂದು ಬರೆಯುವುದು ಸಂಪ್ರದಾಯ. ಕಾಣದಿರುವುದರಿಂದ ಇಲ್ಲದಿರುವುದನ್ನು ಅರಿಯುವ ಈ ಕ್ರಮಕ್ಕೆ ಭಾಟ್ಟ ಮೀಮಾಂಸಕರು ಅನುಪಲಬ್ಧಿಯೆಂದು ಹೆಸರಿಟ್ಟು, ಅದನ್ನು ಆರನೆಯ ಪ್ರಮಾಣವಾಗಿ ಒಪ್ಪಿರುವುದು ನಿಜ. ಆದರೆ ಅವರು ಅದಕ್ಕೊಂದು ಯೋಗ್ಯತೆಯ ಕಟ್ಟನ್ನೂ ವಿಧಿಸಿದ್ದಾರೆ: ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿದ್ದ ಸಂದರ್ಭದಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು, ಕತ್ತಲಲ್ಲಿ ಮಡಕೆ ಕಾಣಲಿಲ್ಲವೆಂದು ಮಡಕೆಯಿಲ್ಲವೆನ್ನಲಾಗದು. ಕಾದಾಗ ಮಾತ್ರ ಹುಟ್ಟುವ ದೋಷವನ್ನು ತಣ್ಣಗಿನ ಇಂಜಿನ್ನಿನಲ್ಲಿ ಹುಡುಕಿದ ಪರೀಕ್ಷಕನು ಈ ನ್ಯಾಯದ ಪ್ರಕಾರ ಏನನ್ನೂ ಪರೀಕ್ಷಿಸಿದಂತಾಗಲಿಲ್ಲ. ಈ ವಾದವನ್ನು ಪ್ರಬಂಧಕಾರನು ಸರ್ವಿಸ್ ಮೇನೇಜರರ ಸಮ್ಮುಖದಲ್ಲಿ ಸವಿಸ್ತರವಾಗಿ ಮಂಡಿಸಲು, ಅವರು ಶ್ರದ್ಧೆಯಿಂದ ಆಲಿಸಿ, ವಾಟರ್ ವಾಷಿನ ಬಿಲ್ಲನ್ನು ಮುಂದಿಟ್ಟರು.

3. ಅಭಾವ ನಿರೂಪಣ

ವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಗಣಿಸಿ, ಅದರಲ್ಲಿ ನಾಲ್ಕು ಭೇದಗಳನ್ನು ಹೇಳುತ್ತಾರೆ. ಇಲ್ಲದ ವಸ್ತುವಿನಲ್ಲಿ ಇಷ್ಟೊಂದು ಭೇದಗಳೇಕೆಂದು ಆಕ್ಷೇಪಿಸುವವರು ಡೀಲರರ ಬಿಡಿಭಾಗಗಳ ಕೌಂಟರಿನ ಮುಂದೆ ಒಂದು ಪೂರ್ವಾಹ್ಣ ನಿಂತಿದ್ದರೆ ಸಾಕು, ಆಕ್ಷೇಪವು ತಾನೇ ನಿವೃತ್ತವಾಗುತ್ತದೆ. "ಆರ್ಡರ್ ಹಾಕಿದೀವಿ, ಇನ್ನೂ ಬಂದಿಲ್ಲ" ಎಂಬುದು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟೆಂದು ಗ್ರಂಥಗಳು ಆಶ್ವಾಸನೆ ಕೊಡುತ್ತವೆ. "ನಿನ್ನೆ ಒಂದೇ ಒಂದ್ ಪೀಸ್ ಬಂದಿತ್ತು, ಇನ್ನೊಬ್ರು ತಗೊಂಡ್ ಹೋದ್ರು" ಎಂಬುದು ಪ್ರಧ್ವಂಸಾಭಾವ; ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. "ಈ ಮಾಡಲ್‌ಗೆ ಕಂಪನಿಯವರೇ ಮಾಡೋದು ನಿಲ್ಸಿದಾರೆ" ಎಂಬುದು ತ್ರಿಕಾಲದಲ್ಲಿಯೂ ವ್ಯಾಪಿಸಿದ ಅತ್ಯಂತಾಭಾವ. ಬಹುದಿನದ ಮೇಲೆ ಬಂದ ಪೊಟ್ಟಣವನ್ನು ಬಿಚ್ಚಿದಾಗ ಬಲಬಾಗಿಲಿನ ಹಿಡಿಯ ಬದಲು ಎಡಬಾಗಿಲಿನದು ಹೊರಬೀಳುವುದು ಅನ್ಯೋನ್ಯಾಭಾವ. ಘಟವು ಪಟವಲ್ಲವೆಂಬ ತರ್ಕಶಾಲೆಯ ಉದಾಹರಣೆಗೆ ಇದಕ್ಕಿಂತ ಮನಮುಟ್ಟುವ ದೃಷ್ಟಾಂತ ದೊರೆಯದು.

ಅಭಾವವು ಸಿದ್ಧವಾದ ಮೇಲೆ ಡೀಲರರ ಸಂಸ್ಥೆಯಿಂದ ಹೊರಡುವ ಆಪ್ತವಾಕ್ಯವು "ನಾಳೆ ಬನ್ನಿ" ಎಂಬುದು. ರಾತ್ರಿಯಲ್ಲಿ ಬಾಗಿಲು ತಟ್ಟಿ ಹೆಸರುಗೊಂಡು ಕರೆಯುವ ಪಿಶಾಚಿಯನ್ನು ನಿವಾರಿಸುವುದಕ್ಕಾಗಿ ನಮ್ಮ ನಾಡಿನ ಮನೆಗಳ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿಡುತ್ತಿದ್ದುದನ್ನು ವಾಚಕರು ಬಲ್ಲರು. ಓದಬಲ್ಲ, ಆದರೆ ಪಂಚಾಂಗ ನೋಡಲಾರದ ಆ ಪಿಶಾಚಿಯು ಪ್ರತಿರಾತ್ರಿಯೂ ಬಂದು, ಓದಿಕೊಂಡು, ಹಿಂದಿರುಗುತ್ತಿತ್ತಂತೆ. ಡೀಲರರು ಅದೇ ಮಂತ್ರವನ್ನು ಬಹುವಚನದಲ್ಲಿ ಪ್ರಯೋಗಿಸಿ ಅದೇ ಫಲವನ್ನು ಪಡೆಯುತ್ತಾರೆಂಬುದರಿಂದ, ಕಾರಿನ ಯಜಮಾನನು ಅವರ ದೃಷ್ಟಿಯಲ್ಲಿ ಯಾವ ಯೋನಿಗೆ ಸೇರಿದವನೆಂಬುದು ಊಹ್ಯ. ಬಹುವಚನವೂ ಶಾಶ್ವತವಲ್ಲ. ಹಣ ಕಟ್ಟುವ ಮುನ್ನ "ಬನ್ನಿ ಸಾರ್, ಕೂತ್ಕೊಳಿ ಸಾರ್, ಕಾಫಿ ತರಿಸ್ಲಾ ಸಾರ್" ಎಂದು ಪದಪದಕ್ಕೂ ಕಾಣುತ್ತಿದ್ದ ಸಂಬೋಧನೆಯು, ವಾಹನವು ಗೇಟು ದಾಟಿದ ಮರುವಾರವೇ "ಜಾಬ್ ಕಾರ್ಡ್ ನಂಬರ್ ಎಷ್ಟ್ರೀ?" ಎಂಬ ಸಂಕ್ಷೇಪಕ್ಕೆ ಇಳಿದಿರುತ್ತದೆ.

4. ಸ್ವರೂಪ ವಿಚಾರ

ನಿರಂತರ ರಿಪೇರಿಗೆ ಒಳಗಾದ ವಾಹನವು ಮೊದಲು ಕೊಂಡ ವಾಹನವೇ ಅಹುದೋ ಅಲ್ಲವೋ ಎಂಬುದು ಗಹನವಾದ ಪ್ರಶ್ನೆ. ಮಿಲಿಂದಪನ್ಹದಲ್ಲಿ ಭಿಕ್ಷು ನಾಗಸೇನನು ಯವನರಾಜ ಮಿಲಿಂದನನ್ನು, ತಾವು ಬಂದದ್ದು ನಡೆದೋ ರಥದಲ್ಲೋ ಎಂದು ಕೇಳಿ, ರಥದಲ್ಲೆಂದೊಡನೆ, ಈಚು ರಥವೇ, ಅಚ್ಚು ರಥವೇ, ಗಾಲಿ ರಥವೇ ಎಂದು ಒಂದೊಂದಾಗಿ ವಿಚಾರಿಸಿ, ಭಾಗಗಳ ಕೂಟಕ್ಕೆ ಲೋಕವು ಇಟ್ಟ ಹೆಸರಲ್ಲದೆ ರಥವೆಂಬ ಬೇರೊಂದು ವಸ್ತುವಿಲ್ಲವೆಂದು ಸ್ಥಾಪಿಸುತ್ತಾನೆ. ಮಿಲಿಂದನು ರಥದಲ್ಲಿ ಬಂದೆನೆಂದು ನಿಸ್ಸಂದೇಹವಾಗಿ ಉತ್ತರಿಸಿದನೆಂಬುದನ್ನು ಗಮನಿಸಬೇಕು. ದುರ್ವಾಹನದ ಯಜಮಾನನಾಗಿದ್ದರೆ, ಅರ್ಧದಾರಿ ರಥದಲ್ಲಿ, ಮಿಕ್ಕರ್ಧ ನಡೆದು ಎಂದು ಹೇಳಬೇಕಾಗಿ ಬಂದು, ಸಂವಾದವು ಅಲ್ಲಿಗೇ ಕೆಟ್ಟುಹೋಗುತ್ತಿತ್ತು.

ಪ್ರಬಂಧಕಾರನ ವಾಹನದ ಡೈನಮೋ ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಯದು, ಗೇರ್ ಬಾಕ್ಸ್ ಶಿವಾಜಿನಗರದ ಗುಜರಿಯದು, ಮುಂದಿನ ಎಡಬಾಗಿಲು ಅಪಘಾತದಲ್ಲಿ ಸದ್ಗತಿ ಪಡೆದ ಮತ್ತೊಂದು ಕಾರಿನದು. ಬದಲಾಯಿಸಿದ ಭಾಗಗಳನ್ನು "ಹಳೇದೆಲ್ಲ ಡಿಕ್ಕೀಲಿ ಇಟ್ಟಿದೀನಿ ಸಾರ್, ನೋಡ್ಕೊಳಿ" ಎಂದು ಮೇಸ್ತ್ರಿಯು ಪ್ರಾಮಾಣಿಕತೆಯ ಸಾಕ್ಷಿಯಾಗಿ ಹಿಂದಿರುಗಿಸುತ್ತ ಬಂದುದರಿಂದ, ಕಾಲಕ್ರಮದಲ್ಲಿ ಮೂಲವಾಹನವು ಸರ್ವಾಂಗಸಮೇತವಾಗಿ ಡಿಕ್ಕಿಯೊಳಗೆ ಸೇರಿಕೊಂಡು, ಹೊರಗಿನದು ಅದನ್ನು ಹೊತ್ತು ತಿರುಗುವ, ತಿರುಗಬೇಕಾಗಿದ್ದ, ಪಲ್ಲಕ್ಕಿಯಾಗಿ ಪರಿಣಮಿಸಿತು. ಎರಡರಲ್ಲಿ ಸತ್ಯವಾದದ್ದು ಯಾವುದೆಂಬ ಜಿಜ್ಞಾಸೆಗೆ ನಾಗಸೇನನಿಂದ ಸಮಾಧಾನ ದೊರೆಯದೆ ಹೋಗಿ, ಕೊನೆಗೆ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಆಶ್ರಯಿಸಬೇಕಾಯಿತು. ಆತ್ಮವು ಚಾಸಿ ನಂಬರಿನಲ್ಲಿ ನೆಲೆಸಿದೆಯೆಂಬುದು ಅವರ ದರ್ಶನ. ಪೆನ್ಸಿಲಿನಿಂದ ಕಾಗದದ ಮೇಲೆ ಉಜ್ಜಿ ಅದರ ಅಚ್ಚು ತೆಗೆಯುವುದೇ ಸಾಕ್ಷಾತ್ಕಾರ.

5. ಪೂರ್ವಪಕ್ಷ, ಸಿದ್ಧಾಂತ

ವಾಹನವು ಹೀಗಾಗುವುದಕ್ಕೆ ಕಾರಣವೇನು? ಪೂರ್ವಜನ್ಮಕರ್ಮವೆಂದು ಕೆಲವರು, ರಾಹುಕಾಲದಲ್ಲಿ ಡೆಲಿವರಿ ತೆಗೆದುಕೊಂಡದ್ದೆಂದು ಮನೆಯ ಹಿರಿಯರು, ನಿಮ್ಮ ಡ್ರೈವಿಂಗ್ ಎಂದು ಡೀಲರರು ಹೇಳುವರು. ಇವು ಮೂರೂ ಪೂರ್ವಪಕ್ಷಗಳು. ಇವನ್ನು ನಿರಾಕರಿಸಲು ಸ್ವಲ್ಪ ಚರಿತ್ರೆಯನ್ನು ನೋಡಬೇಕು.

1953ರಲ್ಲಿ ಸುಂಕ ಆಯೋಗದ ವರದಿಯಾದ ಮೇಲೆ, ಬಿಡಿಭಾಗಗಳನ್ನು ಈ ದೇಶದಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬರಿದೆ ಜೋಡಿಸುತ್ತಿದ್ದ ಕಂಪನಿಗಳಿಗೆ ಇಲ್ಲಿ ಎಡೆಯಿಲ್ಲವಾಯಿತು. 1928ರಿಂದ ಮುಂಬಯಿಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸಿನವರೂ ಅಂಗಡಿ ಮುಚ್ಚಿದರು. ಉಳಿದವರಲ್ಲಿ ಉತ್ತರಪಾಡಾದ ಹಿಂದುಸ್ತಾನ್ ಮೋಟಾರ್ಸ್ ಮಾರಿಸ್ ಆಕ್ಸ್‌ಫರ್ಡನ್ನು ಅಂಬಾಸಡರೆಂದೂ, ಮದರಾಸಿನ ಸ್ಟ್ಯಾಂಡರ್ಡ್ ಸಂಸ್ಥೆಯು ಟ್ರಯಂಫ್ ಹೆರಾಲ್ಡನ್ನು ಸ್ಟ್ಯಾಂಡರ್ಡ್ ಹೆರಾಲ್ಡೆಂದೂ, ಮುಂಬಯಿಯ ಪ್ರೀಮಿಯರ್ ಸಂಸ್ಥೆಯು ಫಿಯಟ್ 1100ನ್ನು ಫಿಯಟ್ಟೆಂದೂ, ಮುಂದೆ ಪದ್ಮಿನಿಯೆಂದೂ ಪ್ರಜೆಗಳಿಗೆ ಅನುಗ್ರಹಿಸಿದರು. ಮೂರ್ತಿಗಳು ಮೂರು, ಭಕ್ತರು ಅಸಂಖ್ಯ. ಠೇವಣಿಯಿಟ್ಟು ವರ್ಷಗಟ್ಟಲೆ ಕಾದು ಕಾರು ಪಡೆದವನು, ಅದನ್ನು ಅಂದೇ ಕೊಟ್ಟ ಬೆಲೆಗಿಂತ ಹೆಚ್ಚಿಗೆ ಮಾರಬಹುದಾಗಿದ್ದ ಕಾಲವದು. ಬಾಗಿಲಲ್ಲಿ ಇಷ್ಟು ಉದ್ದದ ಸಾಲು ನಿಂತಿರುವಾಗ, ಆಗಲೇ ಒಳಗೆ ಬಂದು ಹಣ ತೆತ್ತು ಹೊರಗೆ ಹೋದವನ ಸೈಲೆನ್ಸರು ಉದುರಿತೆಂಬ ವಾರ್ತೆಯು ಮಾರುವವನ ಹೃದಯವನ್ನು ಕಲಕುವುದಕ್ಕೆ ಯಾವ ಕಾರಣವೂ ಇರಲಿಲ್ಲ. ಅದೇ ಕಾಲದಲ್ಲಿ, ಬೀದಿಯ ಕೊನೆಯ ಹುಣಿಸೆಮರದ ಕೆಳಗೆ ಎರಡು ಪಾನ, ಒಂದು ಜಾಕು, ಒಬ್ಬ ಹುಡುಗ, ಇಷ್ಟೇ ಪರಿಕರದಿಂದ ಕುಳಿತ ಮೇಸ್ತ್ರಿಯು ಅದೇ ಸೈಲೆನ್ಸರನ್ನು ತಂತಿಯಿಂದ ಬಿಗಿದು ಸಂಜೆಯೊಳಗೆ ಕೊಡುತ್ತಿದ್ದನು. ಅವನು ಡೀಲರನಿಗಿಂತ ಧರ್ಮಿಷ್ಠನೆಂದಲ್ಲ. ಗಿರಾಕಿಯು ಮುನಿದರೆ ಮುಂದಿನ ಮರದ ಕೆಳಗೆ ಹೋಗಿಬಿಡುವನೆಂಬುದನ್ನು ಅವನು ಬಲ್ಲನು. ಆದಕಾರಣ ಸಿದ್ಧಾಂತವಿಷ್ಟು: ವಾಹನದ ಆರೋಗ್ಯವು ಇಂಜಿನ್ನಿನಲ್ಲಿಲ್ಲ, ಯಜಮಾನನು ಬೇರೆಡೆಗೆ ಹೋಗಬಲ್ಲನೆಂಬುದರಲ್ಲಿದೆ.

ಹಾಗಾದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಹೊರಬಂದು, 1986ರಲ್ಲಿ ಗ್ರಾಹಕ ಸಂರಕ್ಷಣೆಗೆ ಕಾನೂನೇ ಆಗಿ, ಕಂಪನಿಗಳು ಹೆಚ್ಚಿ, ಅಂಬಾಸಡರಿನ ತಯಾರಿಕೆಯೇ 2014ರಲ್ಲಿ ನಿಂತುಹೋದ ಮೇಲೆ, ಸಾಲು ಕರಗಿತಷ್ಟೆ, ದುರ್ವಾಹನವೂ ಕರಗಬೇಕಾಗಿತ್ತಲ್ಲವೆ ಎಂದರೆ, ಹೇಳುವೆವು. ಈಗಿನ ವಾಹನದಲ್ಲಿ ತ್ರಿದೋಷಗಳ ಬದಲು ಇಂಜಿನ್ನಿನ ಚಿತ್ರವುಳ್ಳ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಬೆಂಚಿನ ಬದಲು ಸೋಫಾ, ಬೆವರಿನ ಬದಲು ಏಸಿ ಬಂದಿವೆ. ಕಂಪ್ಯೂಟರನ್ನು ಸಿಕ್ಕಿಸಿ ನೋಡಿ ದೋಷ ಕಂಡುಬರಲಿಲ್ಲವೆನ್ನುತ್ತಾರೆ. ಹುಣಿಸೆಮರಕ್ಕೆ ಹೋಗೋಣವೆಂದರೆ, "ಹೊರಗಡೆ ಬಿಚ್ಚಿಸಿದ್ರೆ ವಾರಂಟಿ ಹೋಗುತ್ತೆ ಸಾರ್" ಎಂಬ ಅಭಯವಚನ ಬರುತ್ತದೆ. ಹಿಂದೆ ಸಾಲು ಕಟ್ಟಿಹಾಕಿದ್ದ ಕಾಲನ್ನು ಈಗ ವಾರಂಟಿ ಕಟ್ಟಿಹಾಕಿದೆಯಾದ್ದರಿಂದ ಸಿದ್ಧಾಂತಕ್ಕೆ ಹಾನಿಯಿಲ್ಲ. ವಿಶೇಷವಿಷ್ಟೆ: ಹಳೆಯ ಡೀಲರನು ಗಿರಾಕಿಯಿಂದ ಹಣವನ್ನು ಮಾತ್ರ ಬಯಸುತ್ತಿದ್ದನು, ಹೊಸಬನು ಪ್ರಶಸ್ತಿಪತ್ರವನ್ನೂ ಬಯಸುತ್ತಾನೆ. "ಕಂಪನಿಯಿಂದ ಫೋನ್ ಬರುತ್ತೆ ಸಾರ್, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ, ಒಂಬತ್ತು ಕೊಟ್ರೂ ನನ್ ಕೆಲ್ಸಕ್ಕೆ ತೊಂದ್ರೆ" ಎಂದು ಆ ತರುಣನು ಕೈಮುಗಿಯುವಾಗ, ಹಳದಿ ದೀಪವು ಇನ್ನೂ ಉರಿಯುತ್ತಿರುವುದನ್ನು ಕಂಡೂ ಹತ್ತನ್ನೇ ಕೊಡದ ಕಠಿಣಹೃದಯರು ವಿರಳ.

ಫಲಶ್ರುತಿ

ಈ ಮೀಮಾಂಸೆಯನ್ನು ಪ್ರಾತಃಕಾಲದಲ್ಲಿ ಬ್ಯಾಟರಿಯ ಮುಂದೆ ಪಠಿಸುವವನ ವಾಹನವು ಮೊದಲನೆಯ ಸೆಲ್ಫಿಗೆ ಹೊರಡುವುದು. ಸಾಯಂಕಾಲದಲ್ಲಿ ಪಠಿಸುವವನಿಗೆ ಹಿಂದಕ್ಕೆ ಮನೆ ಸೇರುವ ಭಾಗ್ಯವುಂಟಾಗುವುದು. ಬರೆದು ಡೀಲರರಿಗೆ ದಾನಕೊಟ್ಟವನಿಗೆ ಬಲಬಾಗಿಲಿನ ಹಿಡಿ ಪ್ರಾಪ್ತವಾಗುವುದು. ಈ ಫಲಗಳು ಪಠನಾರಂಭದಿಂದ 6 ತಿಂಗಳು ಅಥವಾ 5,000 ಕಿಲೋಮೀಟರು, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಸಲ್ಲುವುವು; ಬಲ್ಬು, ಟೈರು, ಬ್ಯಾಟರಿ, ಕ್ಲಚ್ ಪ್ಲೇಟು ಮತ್ತು ರಬ್ಬರಿನ ಸಮಸ್ತ ಭಾಗಗಳಿಗೂ ಅನ್ವಯಿಸವು; ಮಧ್ಯದಲ್ಲಿ ಅನ್ಯಗ್ರಂಥವನ್ನು ಓದಿದ್ದು ಕಂಡುಬಂದಲ್ಲಿ ಪೂರ್ಣವಾಗಿ ರದ್ದಾಗುವುವು.